ಮನೆಯಲ್ಲೇ ಮಿಕ್ಸಿಂಗ್ ಕಲಿಯಲು: ಪ್ಲಗಿನ್‌ಗಿಂತ ಮೊದಲು ಫೇಡರ್

"ಮಿಕ್ಸಿಂಗ್ ಕಲಿಯಬೇಕು, ಯಾವ ಪ್ಲಗಿನ್ ಹಾಕಿಕೊಳ್ಳಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು (ಪ್ಲಗಿನ್ ಎಂದರೆ ಮಿಕ್ಸಿಂಗ್ ಸಾಫ್ಟ್‌ವೇರಿನೊಳಗೆ ಹಾಕಿಕೊಂಡು ಧ್ವನಿಯನ್ನು ತಿದ್ದುವ ಚಿಕ್ಕ ಪ್ರೋಗ್ರಾಂ). ಅದರ ಬೆನ್ನಿಗೇ ಇನ್ನೊಂದು: "ನನ್ನ ಹೆಡ್‌ಫೋನಿನಲ್ಲಿ ಹಾಡು ಚೆನ್ನಾಗಿಯೇ ಇರುತ್ತದೆ. ಫೋನಿನಲ್ಲೋ ಕಾರಿನಲ್ಲೋ ಹಾಕಿದರೆ ಗಾಯನವೇ ಕೇಳಿಸುವುದಿಲ್ಲ. ಎಲ್ಲಿ ತಪ್ಪುತ್ತಿದೆ?" ಎರಡಕ್ಕೂ ಸೇರಿಸಿ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ.

ಗಾಯನ, ಗಿಟಾರ್, ಬೇಸ್, ಡ್ರಮ್ಸ್, ಕೊಳಲು ಹೀಗೆ ಬೇರೆ ಬೇರೆಯಾಗಿ ರೆಕಾರ್ಡ್ ಆದ ಧ್ವನಿಗಳನ್ನು ಹದವಾಗಿ ಕೂಡಿಸಿ, ಎಡ-ಬಲ ಎರಡು ಚಾನೆಲ್‌ಗಳ ಒಂದೇ ಫೈಲ್ ಮಾಡುವುದು ಮಿಕ್ಸಿಂಗ್. ಆ ಒಂದೊಂದು ಧ್ವನಿಯೂ ಒಂದು 'ಟ್ರ್ಯಾಕ್'. ಮಿಕ್ಸ್ ಮುಗಿದ ಮೇಲೆ ಆ ಫೈಲನ್ನು ಬಿಡುಗಡೆಗೆ ಸಜ್ಜುಮಾಡುವುದು ಮಾಸ್ಟರಿಂಗ್. ಅದು ಬೇರೆಯದೇ ಕೆಲಸ, ಕೊನೆಯಲ್ಲಿ ಅದರ ಅಂಚನ್ನಷ್ಟೇ ಮುಟ್ಟುತ್ತೇನೆ.

ಇಡೀ ಲೇಖನದಲ್ಲಿ ನೀವು ಒಂದೇ ವಿಷಯ ನೆನಪಿಟ್ಟುಕೊಂಡರೂ ನನಗೆ ಸಂತೋಷ: ನಮ್ಮ ಕಿವಿ ಜೋರಾದದ್ದನ್ನು ಚೆನ್ನಾದದ್ದು ಎಂದುಕೊಳ್ಳುತ್ತದೆ. ಒಂದೇ ಹಾಡನ್ನು ಎರಡನೆಯ ಸಲ ಒಂದು ಡೆಸಿಬೆಲ್‌ನಷ್ಟು (ಡೆಸಿಬೆಲ್ ಎಂದರೆ ಧ್ವನಿಮಟ್ಟದ ಅಳತೆ) ಏರಿಸಿ ಕೇಳಿಸಿದರೆ, ಏರಿಸಿದ್ದು ಗೊತ್ತಾಗದೆಯೇ "ಇದು ಇನ್ನೂ ತುಂಬಿಕೊಂಡಿದೆ, ಸ್ಪಷ್ಟವಾಗಿದೆ" ಅನ್ನಿಸಿಬಿಡುತ್ತದೆ. ಪ್ಲಗಿನ್ ಹಾಕಿದ ತಕ್ಷಣ ಹಾಡು ಸುಧಾರಿಸಿದಂತೆ ತೋರುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಈ ಮೋಸವನ್ನು ಗುರುತಿಸುವುದು ರೂಢಿಯಾದರೆ ಮಿಕ್ಸಿಂಗ್‌ನ ಅರ್ಧ ಕಲಿತಂತೆ.

ಏನೇನು ಬೇಕು

ಒಂದು ಸಾಧಾರಣ ಕಂಪ್ಯೂಟರ್, ಮಿಕ್ಸಿಂಗ್ ಸಾಫ್ಟ್‌ವೇರ್, ತಂತಿಯಿರುವ ಒಂದು ಒಳ್ಳೆಯ ಹೆಡ್‌ಫೋನ್. ಶುರುಮಾಡಲು ಇಷ್ಟು ಸಾಕು.

ಸಾಫ್ಟ್‌ವೇರನ್ನು ಈ ವಲಯದಲ್ಲಿ ಡಿಎಡಬ್ಲ್ಯು ಎನ್ನುತ್ತಾರೆ. ಟ್ರ್ಯಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ, ಕತ್ತರಿಸಿ, ಕೂಡಿಸಿ, ಕೊನೆಗೆ ಫೈಲ್ ಹೊರತೆಗೆಯುವ ಪ್ರೋಗ್ರಾಂ ಅದು. ಆ್ಯಪಲ್ ಕಂಪ್ಯೂಟರ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ರೀಪರ್ ಅನ್ನು 60 ದಿನ ಯಾವ ಕಡಿತವೂ ಇಲ್ಲದೆ ಪರೀಕ್ಷಿಸಿ ನೋಡಬಹುದು. ಆರ್ಡರ್ ಎಂಬ ಮುಕ್ತ ತಂತ್ರಾಂಶವೂ ಇದೆ. ಯಾವುದನ್ನಾದರೂ ಆರಿಸಿ, ಆರಿಸಿದ ಮೇಲೆ ವರ್ಷವಾದರೂ ಬದಲಿಸಬೇಡಿ. ಒಂದರಲ್ಲಿ ಕೈ ಕೂರುವಷ್ಟರಲ್ಲಿ ಇನ್ನೊಂದಕ್ಕೆ ಹಾರುವವರು ಮೆನು ಹುಡುಕುವುದರಲ್ಲೇ ಸಮಯ ಕಳೆಯುತ್ತಾರೆ. ಈಕ್ಯೂ, ಕಂಪ್ರೆಸರ್, ರಿವರ್ಬ್, ಡಿಲೇ ಎಂಬ ಪ್ಲಗಿನ್‌ಗಳೆಲ್ಲ ಇವುಗಳ ಜೊತೆಗೇ ಬರುತ್ತವೆ, ಒಂದೊಂದೂ ಏನೆಂದು ಮುಂದೆ ಹೇಳುತ್ತೇನೆ. ಕಲಿಯುವ ಹಂತದಲ್ಲಿ ಹೊರಗಿನಿಂದ ಒಂದು ಪ್ಲಗಿನ್ ಕೂಡ ಕೊಳ್ಳಬೇಕಿಲ್ಲ.

ಹೆಡ್‌ಫೋನ್ ಬ್ಲೂಟೂತ್‌ನದಾಗುವುದು ಬೇಡ. ಅದು ಧ್ವನಿಯನ್ನು ಹಿಂಡಿ ಕಳಿಸುತ್ತದೆ, ತಡವಾಗಿ ಕೇಳಿಸುತ್ತದೆ, ಜೊತೆಗೆ ತನ್ನದೇ ಬೇಸ್, ಅಂದರೆ ತಳದ ಗಂಭೀರ ಧ್ವನಿ, ಸೇರಿಸುವುದೂ ಉಂಟು. ಹಿಂಬದಿ ತೆರೆದಿರುವ, ಅಂದರೆ ಓಪನ್ ಬ್ಯಾಕ್ ಮಾದರಿಯದು ಮಿಕ್ಸಿಂಗ್‌ಗೆ ಹಿತ. ಮುಚ್ಚಿದ ಮಾದರಿಯೇ ಇದ್ದರೆ ಅದರಲ್ಲೇ ಶುರುಮಾಡಿ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ ಬೇಸ್ ಬೂಸ್ಟ್, ಎನ್‌ಹಾನ್ಸ್‌ಮೆಂಟ್ ಎಂಬಂಥದ್ದು ಏನಾದರೂ ಚಾಲೂ ಇದ್ದರೆ ಆರಿಸಿ. ನಿಮಗೆ ಗೊತ್ತಿಲ್ಲದ ಒಂದು ಈಕ್ಯೂವಿನ ಮೂಲಕ ಹಾಡು ಕೇಳುತ್ತಾ ಮಿಕ್ಸ್ ಮಾಡಿದರೆ, ಆ ಈಕ್ಯೂ ಇಲ್ಲದ ಕಡೆಯೆಲ್ಲ ಹಾಡು ಬೇರೆಯಾಗಿಯೇ ಕೇಳಿಸುತ್ತದೆ.

1. ಕೇಳುವ ಜಾಗ ಸರಿಪಡಿಸಿಕೊಳ್ಳಿ

ಸ್ಪೀಕರ್ ಇಟ್ಟುಕೊಂಡು ಮಿಕ್ಸ್ ಮಾಡುವವರಿಗೆ ಈ ಹಂತ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮನಾದ ತ್ರಿಕೋನವಾಗಬೇಕು. ಸ್ಪೀಕರಿನ ಚಿಕ್ಕ ಡ್ರೈವರ್, ಅಂದರೆ ಟ್ವೀಟರ್, ನಿಮ್ಮ ಕಿವಿಯ ಎತ್ತರಕ್ಕಿರಲಿ. ಎಡ-ಬಲದ ಗೋಡೆಗಳು ಸಮ ದೂರದಲ್ಲಿರಲಿ. ಕೋಣೆಯ ನಟ್ಟನಡುವೆಯೂ ಹಿಂಗೋಡೆಗೆ ಒರಗಿಯೂ ಕೂರಬೇಡಿ, ಎರಡೂ ಕಡೆ ಬೇಸ್ ಸುಳ್ಳು ಹೇಳುತ್ತದೆ. ಮುಂಗೋಡೆಯಿಂದ ಕೋಣೆಯ ಉದ್ದದ ಸುಮಾರು 38 ಶೇಕಡಾ ದೂರದಲ್ಲಿ ಕೂತು ನೋಡುವುದು ರೂಢಿ. ಅಲ್ಲಿಂದ ಅತ್ತಿತ್ತ ಸರಿದು ಬೇಸ್ ಸಮನಾಗಿ ಕೇಳುವ ಜಾಗ ಹುಡುಕಿ.

ಸ್ಪೀಕರಿನ ಹಿಂದಿನ ಗೋಡೆಯೂ ಲೆಕ್ಕಕ್ಕೆ ಬರುತ್ತದೆ. ಗೋಡೆಗೆ ಬಡಿದು ಮರಳಿದ ಅಲೆ ನೇರವಾಗಿ ಬಂದ ಅಲೆಯನ್ನು ಕೆಲವು ಆವರ್ತನಗಳಲ್ಲಿ ಅಳಿಸಿಹಾಕುತ್ತದೆ. ಆವರ್ತನ ಎಂದರೆ ಧ್ವನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ, ಅಳತೆ ಹರ್ಟ್ಸ್‌ನಲ್ಲಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ಸ್ಪೀಕರ್ ಗೋಡೆಯಿಂದ 85 ಸೆಂಟಿಮೀಟರ್ ದೂರದಲ್ಲಿದ್ದರೆ 100 ಹರ್ಟ್ಸ್ ಆಸುಪಾಸಿನ ಬೇಸ್ ನೀವು ಕೂತಲ್ಲಿ ಬಡವಾಗುತ್ತದೆ. ಬೇಸ್ ಕಡಿಮೆಯಾಯಿತೆಂದು ನೀವು ಹೆಚ್ಚಿಸುತ್ತೀರಿ, ಬೇರೆ ಕಡೆ ಅದೇ ಹಾಡು ಗುಂಯ್‌ಗುಟ್ಟುತ್ತದೆ. ಚಿಕ್ಕ ಸ್ಪೀಕರುಗಳನ್ನು ಗೋಡೆಗೆ ತೀರಾ ಹತ್ತಿರ ಇಟ್ಟರೆ ಈ ಅಳಿಸುವಿಕೆ ಮೇಲಿನ ಆವರ್ತನಗಳಿಗೆ ಸರಿದು ಕಾಟ ಕಡಿಮೆಯಾಗುತ್ತದೆ. ಆಗ ಒಟ್ಟಾರೆ ಬೇಸ್ ಉಬ್ಬುವುದರಿಂದ ಸ್ಪೀಕರಿನ ಹಿಂಬದಿಯ ಬೇಸ್ ಸ್ವಿಚ್ಚನ್ನು ಇಳಿಸಿಕೊಳ್ಳಿ.

ತೆಳು ಫೋಮ್ ಹಾಳೆ ಅಂಟಿಸುವುದರಿಂದ ಬೇಸ್ ತಹಬಂದಿಗೆ ಬರುವುದಿಲ್ಲ. ಅದು ಮೇಲಿನ ಚುರುಕು ಧ್ವನಿಗಳನ್ನಷ್ಟೇ ನುಂಗಿ ಕೋಣೆಯನ್ನು ಮಂಕು ಮಾಡುತ್ತದೆ. 10 ಸೆಂಟಿಮೀಟರಾದರೂ ದಪ್ಪವಿರುವ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಪ್ಯಾನೆಲ್‌ಗಳೇ ಬೇಕು. ಅಷ್ಟೆಲ್ಲ ಆಗದಿದ್ದರೆ ಬೇಸ್ ಕುರಿತ ತೀರ್ಮಾನಗಳನ್ನು ಹೆಡ್‌ಫೋನಿನಲ್ಲಿ ಮಾಡಿ.

ವಾಲ್ಯೂಮ್ ಎಷ್ಟಿರಬೇಕು? ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸದೆ ಮಾತಾಡಲು ಸಾಧ್ಯವಾಗುವಷ್ಟು. ಆ ಜಾಗಕ್ಕೆ ವಾಲ್ಯೂಮ್ ತಿರುಪಿನ ಮೇಲೆ ಒಂದು ಗುರುತು ಹಾಕಿ, ಕೆಲಸದ ಬಹುಪಾಲು ಅಲ್ಲೇ ಬಿಡಿ. ಜೋರಾದಂತೆಲ್ಲ ಕಿವಿ ಬೇಸನ್ನು ಹೆಚ್ಚು ಗ್ರಹಿಸುತ್ತದೆ, ಸಣ್ಣಗಾದಾಗ ಕಡಿಮೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಗಳಿಗೆಗೊಮ್ಮೆ ವಾಲ್ಯೂಮ್ ತಿರುಗಿಸಿದರೆ ಒಂದೇ ಮಿಕ್ಸ್ ಪ್ರತಿ ಸಲವೂ ಬೇರೆ ಮಿಕ್ಸ್ ಆಗಿ ಕೇಳುತ್ತದೆ. ಕಿವಿಯ ಆರೋಗ್ಯದ ಮಾತೂ ಇದೆ: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ ಎಂದಾದರೆ, ಮೇಲಿನ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. ಒಮ್ಮೆ ಹಾಳಾದ ಶ್ರವಣ ಮರಳುವುದಿಲ್ಲ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

2. ಅಭ್ಯಾಸಕ್ಕೊಂದು ಹಾಡು, ಹೋಲಿಕೆಗೊಂದು ಹಾಡು

ನಿಮ್ಮದೇ ರೆಕಾರ್ಡಿಂಗ್ ಇಲ್ಲವೇ? ಕೇಂಬ್ರಿಡ್ಜ್ ಮ್ಯೂಸಿಕ್ ಟೆಕ್ನಾಲಜಿ ಜಾಲತಾಣದಲ್ಲಿ ಕಲಿಕೆಗೆಂದೇ ನೂರಾರು ಹಾಡುಗಳ ಬಿಡಿ ಟ್ರ್ಯಾಕ್‌ಗಳು ಉಚಿತವಾಗಿ ಸಿಗುತ್ತವೆ. ಮೊದಲಿಗೆ 8ರಿಂದ 12 ಟ್ರ್ಯಾಕ್ ಇರುವ ಹಾಡು ಆರಿಸಿ. 70 ಟ್ರ್ಯಾಕ್‌ಗಳ ಅಬ್ಬರದ ಹಾಡು ಈಗಲೇ ಬೇಡ.

ಅದೇ ಬಗೆಯ, ನಿಮಗೆ ಚೆನ್ನಾಗಿ ಪರಿಚಯವಿರುವ, ಬಿಡುಗಡೆಯಾದ ಒಂದು ಹಾಡನ್ನೂ ಬೇರೆ ಟ್ರ್ಯಾಕ್‌ನಲ್ಲಿ ಹಾಕಿಕೊಳ್ಳಿ. ಇದು ರೆಫರೆನ್ಸ್, ಹೋಲಿಸಿ ನೋಡುವ ಅಳತೆಗೋಲು. ಅದು ಮಾಸ್ಟರಿಂಗ್ ಆಗಿ ಬಂದಿರುತ್ತದೆ, ನಿಮ್ಮ ಮಿಕ್ಸ್‌ಗಿಂತ ಬಹಳ ಜೋರಾಗಿರುತ್ತದೆ. ಎರಡೂ ಒಂದೇ ಮಟ್ಟದಲ್ಲಿ ಕೇಳುವವರೆಗೂ ಅದರ ಫೇಡರ್, ಅಂದರೆ ಟ್ರ್ಯಾಕಿನ ಧ್ವನಿಮಟ್ಟ ಏರಿಸಿ ಇಳಿಸುವ ಜಾರುಗುಂಡಿ, ಇಳಿಸಿ. 8-10 ಡೆಸಿಬೆಲ್ ಇಳಿಸಬೇಕಾಗಿ ಬಂದರೆ ಅಚ್ಚರಿಯಿಲ್ಲ. ಇಳಿಸದೆ ಹೋಲಿಸಿದರೆ ನಿಮ್ಮ ಮಿಕ್ಸ್ ಪ್ರತಿ ಸಲವೂ ಸಪ್ಪೆ ಅನ್ನಿಸುತ್ತದೆ, ಗಾಬರಿಯಲ್ಲಿ ಎಲ್ಲವನ್ನೂ ಏರಿಸುತ್ತಾ ಹೋಗುತ್ತೀರಿ. ರೆಫರೆನ್ಸ್ ಟ್ರ್ಯಾಕ್ ನಿಮ್ಮ ಮಾಸ್ಟರ್ ಚಾನೆಲ್‌ನ, ಅಂದರೆ ಎಲ್ಲ ಟ್ರ್ಯಾಕ್‌ಗಳೂ ಕೂಡಿ ಹೊರಬರುವ ಚಾನೆಲ್‌ನ, ಪ್ಲಗಿನ್‌ಗಳ ಮೂಲಕ ಹಾಯದಂತೆಯೂ ನೋಡಿಕೊಳ್ಳಿ.

3. ಟ್ರ್ಯಾಕ್‌ಗಳನ್ನು ಅಣಿಮಾಡಿ

ಹೆಸರಿಡಿ, ಬಣ್ಣ ಹಚ್ಚಿ, ಡ್ರಮ್ಸ್ ಒಂದು ಕಡೆ ಗಾಯನ ಒಂದು ಕಡೆ ಗುಂಪುಮಾಡಿ. ಗಾಯಕರು ಹಾಡದಿರುವ ಜಾಗದಲ್ಲಿ ಕೇಳುವ ಕುರ್ಚಿಯ ಕಿರುಗುಟ್ಟು, ಹೆಡ್‌ಫೋನಿನಿಂದ ಸೋರಿದ ಸದ್ದು ಕತ್ತರಿಸಿ. ಕತ್ತರಿಸಿದ ತುದಿಗಳಲ್ಲಿ 'ಟಿಕ್' ಎನ್ನದಂತೆ ಚಿಕ್ಕ ಫೇಡ್, ಅಂದರೆ ಮೆಲ್ಲನೆಯ ಏರಿಕೆ-ಇಳಿಕೆ, ಕೊಡಿ. ಉಸಿರನ್ನು ಪೂರ್ತಿ ತೆಗೆಯಬೇಡಿ, ಉಸಿರಿಲ್ಲದ ಗಾಯನ ಜೀವವಿಲ್ಲದಂತೆ ಕೇಳುತ್ತದೆ.

ಆಮೇಲೆ ಮಟ್ಟ. ಡಿಜಿಟಲ್‌ನಲ್ಲಿ 0 ಡೆಸಿಬೆಲ್ ಎಂದರೆ ಛಾವಣಿ, ಉಳಿದ ಮಟ್ಟಗಳನ್ನು ಅಲ್ಲಿಂದ ಕೆಳಕ್ಕೆ ಎಣಿಸುತ್ತಾರೆ (ಕಿವಿಗೆ ಬೀಳುವ ಸದ್ದಿನ 85 ಡೆಸಿಬೆಲ್ ಬೇರೆಯದೇ ಲೆಕ್ಕ). ಛಾವಣಿ ಮೀರಿದ ಅಲೆಯ ತಲೆ ಕತ್ತರಿಸಿಹೋಗಿ ಕರಕರ ಎನ್ನುತ್ತದೆ, ಇದೇ ಕ್ಲಿಪಿಂಗ್. ಪ್ರತಿ ಟ್ರ್ಯಾಕಿನ ಸರಾಸರಿ −18 ಡೆಸಿಬೆಲ್ ಹತ್ತಿರ, ಅತಿ ಎತ್ತರದ ಶಿಖರ −10ರ ಆಸುಪಾಸು ಇರುವಂತೆ ಕ್ಲಿಪ್ ಗೇನ್ ಹೊಂದಿಸಿ. ಕ್ಲಿಪ್ ಗೇನ್ ಎಂದರೆ ಫೇಡರಿಗೆ ಮುಂಚೆಯೇ, ಧ್ವನಿ ತುಂಡಿಗೇ ಕೊಡುವ ಏರಿಳಿತ. ಇಷ್ಟು ತಗ್ಗಿಸಿದರೆ ಗುಣಮಟ್ಟ ಹೋಗುತ್ತದೆಂದು ಹೆದರಬೇಡಿ. 24 ಬಿಟ್ ರೆಕಾರ್ಡಿಂಗ್‌ಗೆ ಲೆಕ್ಕದ ಪ್ರಕಾರ ಅತಿ ಸಣ್ಣ ಸದ್ದಿನಿಂದ ಅತಿ ಜೋರಿನವರೆಗೆ 144 ಡೆಸಿಬೆಲ್ ಹರವಿದೆ. ಹಳೆಯ 16 ಬಿಟ್‌ನಲ್ಲಿ ಅದು 96 ಇತ್ತು, ಜೋರಾಗಿಯೇ ರೆಕಾರ್ಡ್ ಮಾಡಬೇಕೆಂಬ ಸಲಹೆ ಆ ಕಾಲದಿಂದ ಉಳಿದುಬಂದದ್ದು.

ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟಿದ್ದರೆ ಫೇಸ್ ಪರೀಕ್ಷಿಸಿ, ಅಂದರೆ ಎರಡರ ಅಲೆಗಳೂ ಒಟ್ಟಿಗೆ ಏರಿಳಿಯುತ್ತಿವೆಯೇ ಎಂದು ನೋಡಿ. ಒಂದು ಮೈಕ್ ಇನ್ನೊಂದಕ್ಕಿಂತ ವಾದ್ಯದಿಂದ 34 ಸೆಂಟಿಮೀಟರ್ ಹೆಚ್ಚು ದೂರವಿದ್ದರೆ ಅಲ್ಲಿಗೆ ಶಬ್ದ ಒಂದು ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 500 ಹರ್ಟ್ಸ್‌ನಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಧ್ವನಿ ಟೊಳ್ಳಾಗುತ್ತದೆ. ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿಯನ್ನು ಒಂದು ಟ್ರ್ಯಾಕಿನಲ್ಲಿ ಒತ್ತಿ ನೋಡಿ, ತುಂಬಿಕೊಂಡು ಕೇಳುವ ಸ್ಥಿತಿಯಲ್ಲಿ ಬಿಡಿ. ಇಲ್ಲಿ ಕಳೆದುಹೋದ ಬೇಸನ್ನು ಆಮೇಲೆ ಯಾವ ಈಕ್ಯೂ ಕೂಡ ತಂದುಕೊಡಲಾರದು.

4. ಫೇಡರ್ ಒಂದರಿಂದಲೇ ಮಿಕ್ಸ್ ಮಾಡಿ

ಇದೇ ಲೇಖನದ ಹೃದಯ. ಒಂದು ಪ್ಲಗಿನ್ ಕೂಡ ಹಾಕದೆ, ಫೇಡರ್‌ಗಳಿಂದಷ್ಟೇ ಹಾಡನ್ನು ಕೇಳುವಂತೆ ಮಾಡಿ.

ಎಲ್ಲ ಫೇಡರ್‌ಗಳನ್ನೂ ಕೆಳಕ್ಕೆ ಎಳೆಯಿರಿ. ಹಾಡಿನ ಅತ್ಯಂತ ತುಂಬಿದ ಭಾಗವನ್ನು ಲೂಪ್ ಮಾಡಿ, ಅದು ಸಾಮಾನ್ಯವಾಗಿ ಪಲ್ಲವಿಯ ಕೊನೆಯ ಸುತ್ತು. ಈಗ ಹಾಡಿನಲ್ಲಿ ಅತಿ ಮುಖ್ಯವಾದದ್ದನ್ನು ಮೊದಲು ಏರಿಸಿ. ಗಾಯನಪ್ರಧಾನ ಹಾಡಾದರೆ ಗಾಯನದಿಂದಲೇ ಶುರುಮಾಡಿ ಎನ್ನುವವನು ನಾನು. ಡ್ರಮ್ಸ್‌ನಿಂದ ಶುರುಮಾಡುವ ಪಾಠಗಳೇ ಹೆಚ್ಚು. ಆದರೆ ಆ ದಾರಿಯಲ್ಲಿ ಹೊಸಬರು ಡ್ರಮ್ಸ್, ಬೇಸ್, ಗಿಟಾರ್‌ಗಳನ್ನೇ ಕೋಣೆ ತುಂಬ ಹರಡಿಬಿಟ್ಟು ಕೊನೆಗೆ ಗಾಯನಕ್ಕೆ ಜಾಗ ಹುಡುಕುವಂತಾಗುತ್ತದೆ. ಗಾಯನ ಇಟ್ಟ ಮೇಲೆ ತಾಳ, ಆಮೇಲೆ ಬೇಸ್, ಆಮೇಲೆ ಉಳಿದದ್ದು. ಪ್ರತಿಯೊಂದನ್ನೂ ಏರಿಸುವಾಗ ಕೇಳಿಕೊಳ್ಳಿ: ಇದು ಬಂದದ್ದರಿಂದ ಗಾಯನದ ಒಂದು ಪದವಾದರೂ ಮಸುಕಾಯಿತೇ? ಹೌದಾದರೆ ಇದನ್ನೇ ಇಳಿಸಬೇಕು, ಗಾಯನವನ್ನು ಏರಿಸಬಾರದು. ಒಂದನ್ನು ಏರಿಸಿ, ಅದನ್ನು ಮೀರಿಸಲು ಇನ್ನೊಂದನ್ನು ಏರಿಸಿ, ಕೊನೆಗೆ ಎಲ್ಲವೂ ಛಾವಣಿಗೆ ತಾಗುವುದು ಹೊಸಬರ ಮಿಕ್ಸ್‌ಗಳಲ್ಲಿ ನಾನು ಕಾಣುವ ಮೊದಲ ತೊಡಕು. ಎಲ್ಲವನ್ನೂ ಕೂಡಿಸಿದ ಮಾಸ್ಟರ್ ಚಾನೆಲ್‌ನ ಶಿಖರ −6 ಡೆಸಿಬೆಲ್ ದಾಟದಿರಲಿ. ದಾಟಿದರೆ ಎಲ್ಲ ಫೇಡರ್‌ಗಳನ್ನೂ ಒಟ್ಟಿಗೆ ಇಳಿಸಿ.

ಮಟ್ಟ ಸರಿಯಿದೆಯೇ ಎಂದು ನೋಡಲು ಒಂದೆರಡು ದಾರಿಗಳಿವೆ. ವಾಲ್ಯೂಮನ್ನು ಪಿಸುಮಾತಿನಷ್ಟಕ್ಕೆ ಇಳಿಸಿ ಕೇಳಿ. ಆಗಲೂ ಗಾಯನ ಮತ್ತು ತಾಳ ಕೇಳಿಸುತ್ತಿರಬೇಕು. ಮೊದಲು ಕಾಣೆಯಾಗುವುದು ಗಾಯನವಾದರೆ ಅದು ತಗ್ಗಿದೆ. ಗಾಯನ ಮಾತ್ರ ಉಳಿದು ಸಂಗೀತವೆಲ್ಲ ಮಾಯವಾದರೆ ಅದು ಹೆಚ್ಚಾಗಿದೆ. ಇನ್ನೊಂದು, ಹಾಡು ಹಾಕಿಟ್ಟು ಪಕ್ಕದ ಕೋಣೆಗೆ ಹೋಗಿ ಬಾಗಿಲ ಆಚೆಯಿಂದ ಕೇಳುವುದು. ಸೂಕ್ಷ್ಮಗಳೆಲ್ಲ ಅಳಿಸಿ ಬರೀ ಏರುಪೇರು ಉಳಿಯುತ್ತದೆ, ಎದ್ದು ನಿಂತದ್ದು ತಾನಾಗಿ ಗೊತ್ತಾಗುತ್ತದೆ.

ಮೊದಲ ತಿಂಗಳು ಇದಿಷ್ಟನ್ನೇ ಅಭ್ಯಾಸ ಮಾಡಿ ಎಂದರೆ ಬಹಳ ಜನ ನಂಬುವುದಿಲ್ಲ. ಬೇರೆ ಬೇರೆ ಹಾಡುಗಳಿಗೆ ಬರೀ ಫೇಡರ್ ಮಿಕ್ಸ್ ಮಾಡಿ, ಸೇವ್ ಮಾಡಿ, ಮರುದಿನ ಕೇಳಿ, ಸರಿಪಡಿಸಿ. ಒಂದು ಡೆಸಿಬೆಲ್‌ನ ವ್ಯತ್ಯಾಸ ಕಿವಿಗೆ ಹತ್ತಲು ಶುರುವಾದಾಗ ಮುಂದಿನ ಹಂತಗಳು ಅರ್ಧ ಸುಲಭವಾಗುತ್ತವೆ.

5. ಎಡ-ಬಲ ಹಂಚಿಕೆ

ಪ್ಯಾನ್ ಎಂದರೆ ಧ್ವನಿ ಎಡಕ್ಕಿರಬೇಕೋ ಬಲಕ್ಕೋ ಎಂಬ ನಿರ್ಧಾರ. ಮುಖ್ಯ ಗಾಯನ, ಬೇಸ್, ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ನಡುವೆ ಇರಲಿ. ಉಳಿದವನ್ನು ಧೈರ್ಯವಾಗಿ ಬದಿಗೆ ಕಳಿಸಿ, 10-15 ಶೇಕಡಾ ಸರಿಸಿ ಬಿಡಬೇಡಿ. ಎಡಕ್ಕೆ ಗಿಟಾರ್ ಹೋದರೆ ಬಲಕ್ಕೆ ಅದೇ ಎತ್ತರದಲ್ಲಿ ನುಡಿಯುವ ಇನ್ನೊಂದು ವಾದ್ಯ ತೂಗಲಿ. ಆಗಾಗ ಮಾಸ್ಟರ್ ಚಾನೆಲನ್ನು ಮೋನೋಗೆ ತಿರುಗಿಸಿ, ಅಂದರೆ ಎರಡೂ ಬದಿ ಒಂದಾಗುವಂತೆ ಮಾಡಿ ಕೇಳಿ. ಮೋನೋದಲ್ಲಿ ಯಾವುದಾದರೂ ವಾದ್ಯ ಕರಗಿಹೋದರೆ ಅದಕ್ಕೆ ಹಾಕಿದ ಸ್ಟೀರಿಯೋ ಅಗಲಿಸುವ ಪ್ಲಗಿನ್ ಅಥವಾ ಫೇಸ್ ದೋಷ ಕಾರಣ. ಎಷ್ಟೋ ಬ್ಲೂಟೂತ್ ಸ್ಪೀಕರುಗಳಲ್ಲಿ ಹಾಡು ಕೇಳುವುದು ಮೋನೋದಲ್ಲೇ.

6. ಈಕ್ಯೂ: ಜಾಗ ಬಿಡಿಸುವುದು

ಈಕ್ಯೂ, ಅಂದರೆ ಈಕ್ವಲೈಜರ್, ಆಯ್ದ ಆವರ್ತನಗಳನ್ನಷ್ಟೇ ಏರಿಸುವ ಅಥವಾ ಇಳಿಸುವ ಸಾಧನ. ಮನುಷ್ಯ ಕೇಳಬಲ್ಲದ್ದು ಸುಮಾರು 20ರಿಂದ 20,000 ಹರ್ಟ್ಸ್. ಆ ಹರವನ್ನು ಹೀಗೆ ಕಿವಿಯಲ್ಲಿ ಗುರುತಿಟ್ಟುಕೊಳ್ಳಿ:

40–100 ಹರ್ಟ್ಸ್: ಎದೆಗೆ ತಾಗುವ 'ಧಿಮ್'. ಕಿಕ್ ಮತ್ತು ಬೇಸಿನ ಬುಡ.
200–400: ಮೈ ತುಂಬಿದ ಬೆಚ್ಚನೆಯ ಧ್ವನಿ. ಹೆಚ್ಚಾದರೆ ಮಂಕು, ಕೆಸರು.
500–1,000: ಹೆಚ್ಚಾದರೆ ಡಬ್ಬದೊಳಗಿಂದ ಬಂದಂತೆ, ಮೂಗಿನಲ್ಲಿ ಮಾತಾಡಿದಂತೆ.
2,000–5,000: ಪದಗಳ ಸ್ಪಷ್ಟತೆ, ಬೆರಳು ತಂತಿಗೆ ತಾಗುವ ಸದ್ದು. ಹೆಚ್ಚಾದರೆ ಕಿವಿಗೆ ಚುಚ್ಚುತ್ತದೆ.
5,000–9,000: ಸಕಾರ-ಶಕಾರಗಳ ಸೀಟಿ.
10,000ಕ್ಕಿಂತ ಮೇಲೆ: ಗಾಳಿಯಾಡಿದಂಥ ಹೊಳಪು.

ಸಮಸ್ಯೆ ಬರುವುದು ಎರಡು ವಾದ್ಯಗಳು ಒಂದೇ ಜಾಗಕ್ಕೆ ಬಂದಾಗ. ಜೋರಾದದ್ದು ಮೆತ್ತನೆಯದನ್ನು ಮುಚ್ಚಿಹಾಕುತ್ತದೆ, ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಉದಾಹರಣೆಗೆ ಗಾಯನದ ಪದಗಳು ತಿಳಿಯುತ್ತಿಲ್ಲ ಎನ್ನಿ. ಗಾಯನಕ್ಕೆ 3,000 ಹರ್ಟ್ಸ್‌ನಲ್ಲಿ 4 ಡೆಸಿಬೆಲ್ ಏರಿಸುವ ಬದಲು, ಗಿಟಾರ್ ಮತ್ತು ಕೀಬೋರ್ಡ್‌ನಲ್ಲಿ ಅದೇ ಜಾಗವನ್ನು 2 ಡೆಸಿಬೆಲ್ ಇಳಿಸಿ ನೋಡಿ. ಗಾಯನವನ್ನು ಮುಟ್ಟದೆಯೇ ಅದು ಮುಂದೆ ಬರುತ್ತದೆ. ಕಿಕ್ ಮತ್ತು ಬೇಸಿನ ಜಗಳವೂ ಇದೇ. ಕಿಕ್ ಆಳ 60 ಹರ್ಟ್ಸ್‌ನಲ್ಲಿದ್ದರೆ ಬೇಸಿಗೆ 100ರ ಹತ್ತಿರ ಒತ್ತು ಕೊಡಿ, ಅಥವಾ ಅದಲುಬದಲು ಮಾಡಿ. ಇಬ್ಬರಲ್ಲಿ ಯಾರು ತಳದಲ್ಲಿ ಕೂರಬೇಕು ಎಂಬುದನ್ನು ಹಾಡು ನೋಡಿ ನೀವೇ ತೀರ್ಮಾನಿಸಿ.

ಹೈ ಪಾಸ್ ಫಿಲ್ಟರ್, ಅಂದರೆ ಒಂದು ಗೆರೆಗಿಂತ ಕೆಳಗಿನದನ್ನೆಲ್ಲ ಕತ್ತರಿಸುವ ಸೋಸುಕ, ಗಾಯನಕ್ಕೆ 80ರಿಂದ 100 ಹರ್ಟ್ಸ್‌ನಲ್ಲಿ ಹಾಕಿದರೆ ಫ್ಯಾನ್ ಮತ್ತು ಸ್ಟ್ಯಾಂಡಿನ ಗುಡುಗು ಹೋಗುತ್ತದೆ. ಆದರೆ ಎಲ್ಲ ಟ್ರ್ಯಾಕಿಗೂ 200ರಲ್ಲಿ ಹಾಕಿ ಎಂಬ ಸಲಹೆಯನ್ನು ಕುರುಡಾಗಿ ಪಾಲಿಸಬೇಡಿ. ಪ್ರತಿ ವಾದ್ಯದ ಮೈಯನ್ನೂ ಸ್ವಲ್ಪ ಸ್ವಲ್ಪ ಕೆತ್ತಿದರೆ ಕೂಡಿಸಿದಾಗ ಹಾಡು ತೆಳ್ಳಗೆ, ಬಡಕಲಾಗಿ ಕೇಳುತ್ತದೆ.

ಎರಡು ಹಳ್ಳಗಳು ಇಲ್ಲಿವೆ, ಬಹುತೇಕ ಎಲ್ಲರೂ ಬೀಳುವಂಥವು. ಮೊದಲನೆಯದು ಸೋಲೋ. ಒಂದೇ ಟ್ರ್ಯಾಕನ್ನು ಒಂಟಿಯಾಗಿ ಕೇಳುತ್ತಾ ಅದನ್ನು ಚಂದ ಮಾಡಲು ಹೊರಟರೆ ಪ್ರತಿಯೊಂದಕ್ಕೂ ಬೇಸೂ ಬೇಕು ಹೊಳಪೂ ಬೇಕು ಅನ್ನಿಸುತ್ತದೆ. ಕೂಡಿಸಿದಾಗ ಕಲಸುಮೇಲೋಗರ. ದೋಷ ಹುಡುಕಲು ಸೋಲೋ ಒತ್ತಿ, ತೀರ್ಮಾನವನ್ನು ಎಲ್ಲದರ ಜೊತೆ ಕೇಳುತ್ತಾ ಮಾಡಿ. ಒಂಟಿಯಾಗಿ ಕೇಳಿದಾಗ ತೆಳ್ಳಗಿರುವ ಗಿಟಾರ್ ಹಾಡಿನೊಳಗೆ ಸರಿಯಾಗಿಯೇ ಕೂತಿರಬಹುದು.

ಎರಡನೆಯದು, ಈಕ್ಯೂವಿನ ಕಿರಿದಾದ ಪಟ್ಟಿಯೊಂದನ್ನು 10 ಡೆಸಿಬೆಲ್ ಎತ್ತಿ ಅತ್ತಿಂದಿತ್ತ ಜಾಲಾಡಿಸಿ, ಕೆಟ್ಟದಾಗಿ ಕೇಳಿದ ಜಾಗವನ್ನೆಲ್ಲ ಕತ್ತರಿಸುವುದು. ಅಷ್ಟು ಎತ್ತಿದರೆ ಯಾವ ಜಾಗವೂ ಕೆಟ್ಟದಾಗಿಯೇ ಕೇಳುತ್ತದೆ! ಮೊದಲು ಕಣ್ಣುಮುಚ್ಚಿ ಕೇಳಿ, ತೊಂದರೆಗೆ ಹೆಸರಿಡಿ: ಮಂಕೋ, ಚುಚ್ಚುತ್ತದೋ, ಮೂಗಿನದೋ. ಹೆಸರಿಡಲು ಬಂದರೆ ಮೇಲಿನ ಪಟ್ಟಿಯಲ್ಲಿ ಜಾಗ ಸಿಗುತ್ತದೆ. ಹೆಸರಿಡಲು ಏನೂ ಸಿಗದಿದ್ದರೆ ಆ ಟ್ರ್ಯಾಕಿಗೆ ಈಕ್ಯೂ ಬೇಡ.

7. ಕಂಪ್ರೆಸರ್: ಏರಿಳಿತ ತಗ್ಗಿಸುವುದು

ಗಾಯಕರು ಒಂದು ಸಾಲು ಪಿಸುಗುಟ್ಟಿ ಮುಂದಿನ ಸಾಲಿಗೆ ದನಿ ಎತ್ತುತ್ತಾರೆ. ಫೇಡರ್ ಒಂದೇ ಕಡೆ ಇಟ್ಟರೆ ಮೊದಲ ಸಾಲು ಹೂತುಹೋಗುತ್ತದೆ, ಎರಡನೆಯದು ಎದ್ದು ಹೊಡೆಯುತ್ತದೆ. ಕಂಪ್ರೆಸರ್ ಜೋರಾದ ಭಾಗವನ್ನು ತಾನಾಗಿ ಅದುಮುತ್ತದೆ.

ಅದರ ನಾಲ್ಕು ತಿರುಪುಗಳು ಅರ್ಥವಾಗಬೇಕು. ಥ್ರೆಶೋಲ್ಡ್ ಎಂದರೆ ಗೆರೆ, ಅದನ್ನು ದಾಟಿದಾಗಲೇ ಕಂಪ್ರೆಸರ್ ಕೆಲಸ ಶುರು. ರೇಶಿಯೋ ಎಂದರೆ ಎಷ್ಟು ಅದುಮಬೇಕೆಂಬ ಅನುಪಾತ. ಗೆರೆ −20 ಡೆಸಿಬೆಲ್, ಅನುಪಾತ 4:1 ಇದ್ದು, ಧ್ವನಿ −12ಕ್ಕೆ ಏರಿತೆನ್ನಿ. ಗೆರೆಗಿಂತ 8 ಹೆಚ್ಚು. ಅದರ ನಾಲ್ಕನೇ ಒಂದು ಭಾಗ, 2 ಮಾತ್ರ ಹೊರಬರುತ್ತದೆ, ಧ್ವನಿ −18ಕ್ಕೆ ನಿಲ್ಲುತ್ತದೆ. ಅಂದರೆ 6 ಡೆಸಿಬೆಲ್ ಕಡಿತ. ಅಟ್ಯಾಕ್ ಎಂದರೆ ಗೆರೆ ದಾಟಿದ ಮೇಲೆ ಎಷ್ಟು ಬೇಗ ಅದುಮಬೇಕು ಎಂಬುದು, ರಿಲೀಸ್ ಎಂದರೆ ಎಷ್ಟು ಬೇಗ ಬಿಡಬೇಕು ಎಂಬುದು. ಎರಡೂ ಮಿಲಿಸೆಕೆಂಡ್‌ಗಳಲ್ಲಿ.

ಅಟ್ಯಾಕ್ ತಿರುಪೇ ಧ್ವನಿಯ ಸ್ವಭಾವ ಬದಲಿಸುವುದು, ಸಮಯವನ್ನು ಅದರ ಮೇಲೆ ಕಳೆಯಿರಿ. ಡ್ರಮ್ ಟ್ರ್ಯಾಕ್ ಒಂದಕ್ಕೆ ಕಂಪ್ರೆಸರ್ ಹಾಕಿ ಅಟ್ಯಾಕ್ 1 ಮಿಲಿಸೆಕೆಂಡ್‌ನಲ್ಲಿಡಿ: ಏಟಿನ ಮೊನೆ ಮೊಂಡಾಗಿ, ವಾದ್ಯ ಹಿಂದೆ ಸರಿದಂತೆ ಕೇಳುತ್ತದೆ. 30ಕ್ಕೆ ಒಯ್ಯಿರಿ: 'ಟಕ್' ಎಂಬ ಮೊನೆ ಪಾರಾಗಿ, ಅದರ ಬಾಲ ಮಾತ್ರ ಅದುಮಿಕೊಳ್ಳುತ್ತದೆ, ಏಟು ಮುಂದೆ ನುಗ್ಗುತ್ತದೆ. ಈ ವ್ಯತ್ಯಾಸ ಕೇಳುವವರೆಗೂ ಕುಳಿತು ತಿರುಗಿಸಿ. ಗಾಯನಕ್ಕೆ ಅನುಪಾತ 3:1, ಅಟ್ಯಾಕ್ 10, ರಿಲೀಸ್ 80ರ ಸುತ್ತಮುತ್ತ ಶುರುಮಾಡಿ, ಜೋರಾದ ಸಾಲುಗಳಲ್ಲಿ 3ರಿಂದ 6 ಡೆಸಿಬೆಲ್ ಕಡಿತ ಕಾಣುವವರೆಗೆ ಗೆರೆ ಇಳಿಸಿ. ಉಸಿರು ಅಬ್ಬರಿಸತೊಡಗಿದರೆ, ಧ್ವನಿ ಏದುಸಿರು ಬಿಟ್ಟಂತೆ ಉಬ್ಬಿ ಕುಗ್ಗಿದರೆ ಅತಿಯಾಯಿತೆಂದು ತಿಳಿಯಿರಿ.

ಕಂಪ್ರೆಸರ್‌ನಲ್ಲಿ ಮೇಕಪ್ ಗೇನ್ ಎಂಬ ಇನ್ನೊಂದು ತಿರುಪು ಇದೆ. ಅದುಮಿದ್ದರಿಂದ ತಗ್ಗಿದ ಮಟ್ಟವನ್ನು ಮತ್ತೆ ಏರಿಸುವುದು ಅದರ ಕೆಲಸ. ಶುರುವಿನಲ್ಲಿ ಹೇಳಿದ ಮೋಸ ನಡೆಯುವುದು ಇಲ್ಲೇ. ಹಲವು ಕಂಪ್ರೆಸರ್‌ಗಳು ಇದನ್ನು ತಾವಾಗಿಯೇ ಏರಿಸುತ್ತವೆ, ಹಾಕಿದ ಕ್ಷಣ ಧ್ವನಿ ಜೋರಾಗಿ "ಆಹಾ" ಅನ್ನಿಸುತ್ತದೆ. ಆಟೋ ಮೇಕಪ್ ಆಫ್ ಮಾಡಿ. ಬೈಪಾಸ್ ಗುಂಡಿಯನ್ನು, ಅಂದರೆ ಪ್ಲಗಿನ್ ಇದ್ದೂ ಇಲ್ಲದಂತೆ ಮಾಡುವ ಗುಂಡಿಯನ್ನು, ಹಲವು ಸಲ ಒತ್ತುತ್ತಾ ಮೊದಲು-ನಂತರ ಎರಡೂ ಒಂದೇ ಜೋರಿಗೆ ಬರುವಂತೆ ಮೇಕಪ್ ಹೊಂದಿಸಿ. ಈಗ ಕಣ್ಣುಮುಚ್ಚಿ ಗುಂಡಿ ಒತ್ತುತ್ತಾ ಹೋಗಿ, ಪ್ಲಗಿನ್ ಇದೆಯೋ ಇಲ್ಲವೋ ನೆನಪು ತಪ್ಪುವವರೆಗೆ. ಯಾವುದು ಹಿತ? ಪ್ಲಗಿನ್ ಇಲ್ಲದ್ದೇ ಹಿತವೆನಿಸಿದರೆ ತೆಗೆದುಹಾಕಿ. ಈ ಪರೀಕ್ಷೆ ಈಕ್ಯೂಗೂ ಸೇರಿದಂತೆ ಪ್ರತಿ ಪ್ಲಗಿನ್‌ಗೂ ಆಗಲೇಬೇಕು.

8. ರಿವರ್ಬ್ ಮತ್ತು ಡಿಲೇ

ರಿವರ್ಬ್ ಎಂದರೆ ಕೋಣೆಯ ಅಥವಾ ಸಭಾಂಗಣದ ಅನುರಣನ, ಡಿಲೇ ಎಂದರೆ ಎಣಿಸಬಹುದಾದ ಪ್ರತಿಧ್ವನಿ. ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ರಿವರ್ಬ್ ಹಾಕಬೇಡಿ. ಒಂದೆರಡು ರಿವರ್ಬ್‌ಗಳನ್ನು ಪ್ರತ್ಯೇಕ ಚಾನೆಲ್‌ನಲ್ಲಿಟ್ಟು, ಬೇಕಾದ ಟ್ರ್ಯಾಕ್‌ಗಳಿಂದ ಅಲ್ಲಿಗೆ ಬೇಕಾದಷ್ಟು ಕಳಿಸಿ. ಇದಕ್ಕೆ ಸೆಂಡ್ ಎನ್ನುತ್ತಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದಂತಾಗುತ್ತದೆ. ರಿವರ್ಬ್ ಚಾನೆಲ್‌ನಲ್ಲೇ ಒಂದು ಈಕ್ಯೂ ಹಾಕಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಇಲ್ಲವಾದರೆ ತಳವೆಲ್ಲ ಗವ್ವೆನ್ನುತ್ತದೆ. ಗಾಯನದ ರಿವರ್ಬ್‌ಗೆ 20ರಿಂದ 40 ಮಿಲಿಸೆಕೆಂಡ್ ಪ್ರೀ-ಡಿಲೇ ಕೊಟ್ಟರೆ ಪದ ಮೊದಲು ಕೇಳಿ, ಅನುರಣನ ಆಮೇಲೆ ಬರುತ್ತದೆ.

ಡಿಲೇ ಹಾಡಿನ ಲಯಕ್ಕೆ ಕೂರಬೇಕು. 60,000ವನ್ನು ಹಾಡಿನ ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಬೀಳುವ ಬೀಟುಗಳ ಸಂಖ್ಯೆಯಿಂದ ಭಾಗಿಸಿ. 120 ಆದರೆ 500 ಮಿಲಿಸೆಕೆಂಡ್; ಅದರ ಅರ್ಧ, ಕಾಲು ಕೂಡ ಹೊಂದುತ್ತವೆ. ಪ್ರಮಾಣ ತಿಳಿಯಲು ರಿವರ್ಬ್ ಕೇಳುವವರೆಗೆ ಏರಿಸಿ, ಅಲ್ಲಿಂದ 2-3 ಡೆಸಿಬೆಲ್ ಇಳಿಸಿ. ಮ್ಯೂಟ್ ಮಾಡಿದಾಗ ಏನೋ ಕಳೆದುಹೋದಂತೆ ಆಗಬೇಕು, ಹಾಕಿದಾಗ ರಿವರ್ಬ್ ಎಂದು ಗೊತ್ತಾಗಬಾರದು. ಹೆಡ್‌ಫೋನಿನಲ್ಲಿ ರಿವರ್ಬ್ ಹೆಚ್ಚು ಸ್ಪಷ್ಟವಾಗಿ ಕೇಳುವುದರಿಂದ ಅದರಲ್ಲೇ ಮಿಕ್ಸ್ ಮಾಡುವವರು ಕಡಿಮೆ ಹಾಕಿಬಿಡುವ ಸಾಧ್ಯತೆ ಇದೆ, ರೆಫರೆನ್ಸ್ ಜೊತೆ ಹೋಲಿಸಿಕೊಳ್ಳಿ.

9. ಆಟೊಮೇಶನ್: ಸಾಲು ಸಾಲಾಗಿ ಕೂರಿಸುವುದು

ಫೇಡರ್ ಹಾಡಿನುದ್ದಕ್ಕೂ ತಾನಾಗಿ ಚಲಿಸುವಂತೆ ಗೆರೆ ಬರೆದಿಡುವುದು ಆಟೊಮೇಶನ್. ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ, ನನಗದು ಬಹಳ ನೋವಿನ ಸಂಗತಿ. ಗಾಯನವನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾ, ನುಂಗಿಹೋದ ಪ್ರತಿ ಅಕ್ಷರವನ್ನು 1-2 ಡೆಸಿಬೆಲ್ ಎತ್ತಿ, ಎದ್ದು ಹೊಡೆಯುವ ಪ್ರತಿ ಸಕಾರವನ್ನು ಇಳಿಸಿ. ಒಂದು ಹಾಡಿಗೆ ಒಂದೆರಡು ಗಂಟೆ ಹಿಡಿಯಬಹುದು. ಕನ್ನಡದಲ್ಲಿ ಸಾಲಿನ ಕೊನೆಗೆ ಬರುವ ವಿಭಕ್ತಿ, ಕ್ರಿಯಾಪದದ ಬಾಲಗಳು ಹಾಡುವಾಗ ಸಣ್ಣಗಾಗುತ್ತವೆ. ಅವು ಕೇಳಿಸದಿದ್ದರೆ ಸಾಲಿನ ಅರ್ಥವೇ ಹೋಗುತ್ತದೆ, ಹಾಗಾಗಿ ಸಾಲಿನ ಕೊನೆಗಳಿಗೆ ವಿಶೇಷ ಗಮನ ಕೊಡಿ. ಪಲ್ಲವಿ ಬರುವಾಗ ಇಡೀ ಸಂಗೀತವನ್ನು ಅರ್ಧ ಡೆಸಿಬೆಲ್ ಏರಿಸಿದರೂ ಹಾಡು ಅರಳಿದಂತಾಗುತ್ತದೆ.

10. ಎದ್ದು ಹೋಗಿ, ಬೇರೆ ಕಡೆ ಕೇಳಿ

ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷ ಮೌನವಾಗಿರಿ. ದಣಿದ ಕಿವಿ ಹೊಳಪನ್ನು ಗ್ರಹಿಸದೆ ಇನ್ನಷ್ಟು ಹೊಳಪು ಬೇಡುತ್ತದೆ. ರಾತ್ರಿ ಮುಗಿಸಿದ ಮಿಕ್ಸನ್ನು ರಾತ್ರಿಯೇ ಯಾರಿಗೂ ಕಳಿಸಬೇಡಿ. ಬೆಳಿಗ್ಗೆ ಫೋನ್, ಕಾರು, ಅಗ್ಗದ ಇಯರ್‌ಫೋನ್ ಮೂರರಲ್ಲೂ ಕೇಳಿ, ಅನ್ನಿಸಿದ್ದನ್ನು ಕಾಗದದಲ್ಲಿ ಬರೆಯಿರಿ. ಮೂರು ಕಡೆಯೂ ಬಂದ ದೂರನ್ನು ಮಾತ್ರ ತಿದ್ದಿ. ಒಂದೇ ಕಡೆ ಬಂದ ದೂರು ಆ ಸಾಧನದ್ದಿರಬಹುದು.

ಫೋನಿನಲ್ಲಿ ಬೇಸ್ ಗಿಟಾರ್ ಕಾಣೆಯಾದರೆ ಅದರ ತಳವನ್ನು ಏರಿಸಿ ಪ್ರಯೋಜನವಿಲ್ಲ, ಅಷ್ಟು ಚಿಕ್ಕ ಸ್ಪೀಕರ್ 100 ಹರ್ಟ್ಸನ್ನು ನುಡಿಸಲಾರದು. ಸ್ಯಾಚುರೇಶನ್ ಎಂಬ ಪ್ಲಗಿನ್ ಸ್ವಲ್ಪ ಹಾಕಿ. ಅದು ಮೂಲ ಸ್ವರದ ಮೇಲಿನ ಪಟ್ಟುಗಳನ್ನು, ಅಂದರೆ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ. ಅವು ಫೋನಿನಲ್ಲಿ ಕೇಳುತ್ತವೆ, ಅವುಗಳಿಂದ ಮಿದುಳು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ.

11. ಫೈಲ್ ಹೊರತೆಗೆಯುವುದು

ಮಾಸ್ಟರಿಂಗ್ ಬೇರೆಯವರಿಗೆ ಕೊಡುವುದಾದರೆ ಮಾಸ್ಟರ್ ಚಾನೆಲ್‌ನ ಲಿಮಿಟರ್ ತೆಗೆದು, ರೆಕಾರ್ಡ್ ಆದ ಸ್ಯಾಂಪಲ್ ರೇಟ್‌ನಲ್ಲೇ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸಿದೆ ಎಂಬ ಲೆಕ್ಕ), 24 ಬಿಟ್ ವೇವ್ ಫೈಲ್ ಆಗಿ ಕೊಡಿ. ಲಿಮಿಟರ್ ಎಂದರೆ ಯಾವ ಶಿಖರವೂ ಒಂದು ಗೆರೆ ದಾಟದಂತೆ ತಡೆಯುವ ಬಿಗಿ ಕಂಪ್ರೆಸರ್. ಹಾಡು ಮುಗಿದ ಮೇಲೆ ರಿವರ್ಬಿನ ಬಾಲ ಪೂರ್ತಿ ಕರಗುವಷ್ಟು ಜಾಗ ಬಿಡಿ, ಅವಸರದಲ್ಲಿ ಅದನ್ನು ಕತ್ತರಿಸಿಬಿಡುವವರು ಬಹಳ.

ನೀವೇ ನೇರವಾಗಿ ಬಿಡುಗಡೆ ಮಾಡುವುದಾದರೆ ಲಿಮಿಟರ್ ಹಾಕಿ, ಶಿಖರವನ್ನು −1 ಡೆಸಿಬೆಲ್ ಟ್ರೂ ಪೀಕ್‌ಗೆ (ಸ್ಯಾಂಪಲ್‌ಗಳ ನಡುವೆ ಏಳುವ ಶಿಖರವನ್ನೂ ಹಿಡಿಯುವ ಅಳತೆ) ನಿಲ್ಲಿಸಿ. ಎಂಪಿ3ಯಂಥ ರೂಪಕ್ಕೆ ಪರಿವರ್ತಿಸುವಾಗ ಶಿಖರಗಳು ಸ್ವಲ್ಪ ಮೇಲೇರುತ್ತವೆ, ಅದಕ್ಕೆ ಈ ಅಂತರ. ಒಟ್ಟು ಜೋರನ್ನು ಅಳೆಯುವ ಮಾನ ಲಫ್ಸ್. ಕಿವಿ ಗ್ರಹಿಸುವ ರೀತಿಗೆ ಹತ್ತಿರವಾಗಿ ಸರಾಸರಿ ಜೋರನ್ನು ಲೆಕ್ಕಹಾಕುತ್ತದೆ, ಯೂಲೀನ್ ಲೌಡ್‌ನೆಸ್ ಮೀಟರ್ ಎಂಬ ಉಚಿತ ಪ್ಲಗಿನ್‌ನಲ್ಲಿ ನೋಡಬಹುದು. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು −14 ಲಫ್ಸ್‌ಗೆ ಹೊಂದಿಸಿ ನುಡಿಸುತ್ತದೆ, ಆ್ಯಪಲ್ ಮ್ಯೂಸಿಕ್ −16ಕ್ಕೆ. ಲಿಮಿಟರಿನಿಂದ ಹಿಂಡಿ −8ಕ್ಕೆ ಏರಿಸಿದ ಹಾಡನ್ನು ಅವು ಕೇಳುಗರ ಬಳಿ 6-8 ಡೆಸಿಬೆಲ್ ಇಳಿಸಿಬಿಡುತ್ತವೆ, ಜೋರು ಹೋಗಿ ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಆದ್ದರಿಂದ ಲಿಮಿಟರನ್ನೂ ಮಟ್ಟ ಸಮಮಾಡಿ ಬೈಪಾಸ್ ಒತ್ತಿ ಪರೀಕ್ಷಿಸಿ. ಡ್ರಮ್ಸ್‌ನ ಏಟು ಮೊಂಡಾಗತೊಡಗುವ ಜಾಗ ಸಿಗುತ್ತದೆ, ಅಲ್ಲಿಂದ ಒಂದೆರಡು ಡೆಸಿಬೆಲ್ ಹಿಂದಕ್ಕೆ ಬಂದು ಫೈಲ್ ತೆಗೆಯಿರಿ. ಗಾಯನವನ್ನು ಒಂದು ಡೆಸಿಬೆಲ್ ಏರಿಸಿದ ಇನ್ನೊಂದು ಪ್ರತಿ, ಗಾಯನವಿಲ್ಲದ ಮತ್ತೊಂದು ಪ್ರತಿ, ಇವೆರಡನ್ನೂ ಅದೇ ಹೊತ್ತಿಗೆ ತೆಗೆದಿಡಿ. ಆರು ತಿಂಗಳ ಮೇಲೆ ಯಾರಾದರೂ ಕೇಳಿದಾಗ ಹಳೆಯ ಪ್ರಾಜೆಕ್ಟ್ ತೆರೆಯಲು ಒದ್ದಾಡುವುದು ತಪ್ಪುತ್ತದೆ.